ಐದು ಕರಿ ಮನೆಗಳಿಂದ ಶುರು ಮಾಡಿ: ವಿಶೇಷಚೇತನ ಮಗುವಿಗೆ ಪಿಯಾನೊ ಕಲಿಸಲು ಹೊರಟವರಿಗೆ

ನಾನು ತುಮಕೂರಿನಲ್ಲಿ ಕೀಬೋರ್ಡ್ ಪಾಠ ಹೇಳಿಕೊಡುತ್ತೇನೆ. ವಾರಕ್ಕೆ ಒಂದಾದರೂ ಇಂಥ ಫೋನ್ ಬರುತ್ತದೆ. "ಮಿಸ್, ನಮ್ಮ ಮಗನಿಗೆ ಆಟಿಸಂ ಇದೆ, ಸೇರಿಸ್ಕೊಳ್ತೀರಾ?" "ನಮ್ಮ ಹುಡುಗಿಗೆ ಎಡಗೈ ಸರಿಯಾಗಿ ಆಡಲ್ಲ, ಪಿಯಾನೊ ಆಗುತ್ತಾ?" "ಪಿಯಾನೊ ಕಲಿತರೆ ಮಕ್ಕಳಿಗೆ ಧೈರ್ಯ ಬರುತ್ತಂತೆ, ನಿಜಾನಾ?" ಶಿರಾದಿಂದ, ಗೌರಿಬಿದನೂರಿನಿಂದ, ಮಾಲೂರಿನಿಂದಲೂ ಕೇಳುತ್ತಾರೆ. ಪ್ರತಿ ಸಲ ಅರ್ಧ ಗಂಟೆ ಅದನ್ನೇ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಮೂರನೇ ಪ್ರಶ್ನೆಗೆ ಮೊದಲು ಉತ್ತರ. ಹೌದು, ಬರುತ್ತದೆ. ಯಾಕೆ ಅಂತ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ನಿಮ್ಮ ಮಗುವಿನ ಒಂದು ದಿನ ನೆನಪಿಸಿಕೊಳ್ಳಿ. ಹಲ್ಲುಜ್ಜಿಸುವವರು ಒಬ್ಬರು, ಬಟ್ಟೆ ಹಾಕುವವರು ಒಬ್ಬರು, ತಿನ್ನಿಸುವವರು ಒಬ್ಬರು, ಥೆರಪಿಯಲ್ಲಿ ಕೈಕಾಲು ಎಳೆಯುವವರು ಇನ್ನೊಬ್ಬರು. ಬೆಳಿಗ್ಗೆಯಿಂದ ರಾತ್ರಿವರೆಗೆ ಮೈಮೇಲೆ ಬೇರೆಯವರ ಕೈ, ಕಿವಿಯಲ್ಲಿ "ಹಾಗಲ್ಲ, ಹೀಗೆ". ಇಂಥ ಮಗು ಒಂದು ಕೀ ಒತ್ತುತ್ತದೆ. ಸ್ವರ ಬರುತ್ತದೆ. ಯಾರೂ ಕೈ ಹಿಡಿಯಲಿಲ್ಲ. ಮತ್ತೆ ಒತ್ತಿದರೆ ಮತ್ತೆ ಅದೇ ಸ್ವರ. ಪಿಟೀಲಿನಲ್ಲಿ ಒಂದು ಸ್ವರ ನೆಟ್ಟಗೆ ಬರೋದಕ್ಕೆ ತಿಂಗಳುಗಟ್ಟಲೆ ಬೇಕು, ಕೊಳಲಿಗೆ ಉಸಿರು ಹಿಡಿತಕ್ಕೆ ಬರಬೇಕು. ಪಿಯಾನೊದಲ್ಲಿ ಮಾತ್ರ ಮೊದಲ ದಿನ ಒತ್ತಿದ ಸ್ವರವೂ ದೊಡ್ಡ ವಿದ್ವಾಂಸರು ಒತ್ತಿದಷ್ಟೇ ಶ್ರುತಿಯಲ್ಲಿರುತ್ತದೆ. "ಇದು ನಾನು ಮಾಡಿದ್ದು" ಅಂತ ಮಗುವಿಗೆ ಅನ್ನಿಸುವುದು ಆಗಲೇ, ಧೈರ್ಯ ಮೊಳೆಯುವುದೂ ಅಲ್ಲೇ. ಮುಂದೆ ಹೇಳುವ ಹಂತಗಳಲ್ಲಿ ಮುಕ್ಕಾಲು ಪಾಲು ಆ "ನಾನು ಮಾಡಿದ್ದು" ಅನ್ನುವುದನ್ನು ನಾವು ದೊಡ್ಡವರು ಹಾಳು ಮಾಡದೆ ಇರುವುದು ಹೇಗೆ ಅನ್ನುವುದರ ಬಗ್ಗೆಯೇ ಇದೆ.

ಇನ್ನೊಂದು ಮಾತು. ಪಿಯಾನೊ ಪಾಠ ಚಿಕಿತ್ಸೆ ಅಲ್ಲ. ಸಂಗೀತ ಚಿಕಿತ್ಸೆ ಅನ್ನುವುದು ಬೇರೆ, ಅದಕ್ಕೆ ತರಬೇತಿ ಪಡೆದವರೂ ಬೇರೆ. ಸ್ಪೀಚ್ ಥೆರಪಿಯನ್ನೋ ಫಿಸಿಯೋಥೆರಪಿಯನ್ನೋ ಬಿಡಿಸಿ ಆ ದುಡ್ಡನ್ನು ನನ್ನಂಥವರಿಗೆ ಕೊಡಬೇಡಿ.

1. ಒಂದು ವಾರ ಸುಮ್ನೆ ಗಮನಿಸಿ, ಒಂದು ಪುಟ ಬರೆದಿಡಿ

ಪಾಠಕ್ಕೆ ಸೇರಿಸುವ ಮೊದಲು ನಿಮ್ಮ ಮಗುವಿನ ಬಗ್ಗೆ ಒಂದು ಪುಟ ಬರೆಯಿರಿ. ಕಾಯಿಲೆಯ ಹೆಸರು ಒಂದು ಸಾಲು ಸಾಕು. ಮೇಷ್ಟ್ರಿಗೆ ಬೇಕಾಗಿರುವುದು ಬೇರೆ. ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ, ಮಿಕ್ಸಿಗಾ, ಕುಕ್ಕರ್ ವಿಷಲ್‌ಗಾ? ಊಟಕ್ಕೆ ಯಾವ ಕೈ ಮುಂದೆ ಬರುತ್ತದೆ? ಒಂದೇ ಕಡೆ ಎಷ್ಟು ನಿಮಿಷ ಕೂರುತ್ತಾನೆ? ಯಾವ ಹಾಡು ಬಂದರೆ ತಿರುಗಿ ನೋಡುತ್ತಾನೆ? ಸಾಕು ಅನ್ನುವುದನ್ನು ಹೇಗೆ ತೋರಿಸುತ್ತಾನೆ? ಈ ಕೊನೆಯದು ಬಹಳ ಮುಖ್ಯ. ಮಾತು ಬಾರದ ಮಗು ತಲೆ ತಿರುಗಿಸಬಹುದು, ಕಾಲು ಅಲ್ಲಾಡಿಸಬಹುದು, ನಗಲೂಬಹುದು. ಅದು ಮೇಷ್ಟ್ರಿಗೆ ಗೊತ್ತಿಲ್ಲದಿದ್ದರೆ ಮೊದಲ ವಾರವೇ ಗಲಾಟೆ ಆಗುತ್ತದೆ.

ಡಾಕ್ಟರನ್ನೂ ಥೆರಪಿಸ್ಟನ್ನೂ ಒಂದು ಮಾತು ಕೇಳಿ. ಕೈಕಾಲಿನ ತೊಂದರೆ ಇದ್ದರೆ ಆಕ್ಯುಪೇಷನಲ್ ಥೆರಪಿಸ್ಟನ್ನು ಕೇಳಬೇಕು. ಊಟ, ಬರವಣಿಗೆ, ಬಟ್ಟೆ ಹಾಕುವಂಥ ದಿನದ ಕೆಲಸಗಳನ್ನು ಅಭ್ಯಾಸ ಮಾಡಿಸುವವರು ಅವರು, ಹೇಗೆ ಕೂರಿಸಬೇಕು ಅಂತ ಅವರಷ್ಟು ಚೆನ್ನಾಗಿ ಬೇರೆಯವರು ಹೇಳಲಾರರು. ಫಿಟ್ಸ್ ಬರುತ್ತಿದ್ದರೆ ಮಿಣುಕುವ ದೀಪದ ಕೀಬೋರ್ಡ್ ಆಗಬಹುದಾ ಅಂತ ಡಾಕ್ಟರನ್ನು ಕೇಳಿಯೇ ಕೊಳ್ಳಿ, ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ಮೇಷ್ಟ್ರಿಗೆ ಬರೆದು ಕೊಡಿ. ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯುಗಳು ವರ್ಷ ಕಳೆದಂತೆ ಬಲ ಕಳೆದುಕೊಳ್ಳುವ ತೊಂದರೆ ಇರುವ ಮಕ್ಕಳಿಗೆ "ನುಡಿಸಿ ನುಡಿಸಿ ಬೆರಳು ಗಟ್ಟಿ ಮಾಡ್ಕೋ" ಅನ್ನುವುದು ತಪ್ಪು, ಆ ಮಕ್ಕಳು ಸುಸ್ತಾಗುವ ಮೊದಲೇ ನಿಲ್ಲಿಸಬೇಕು.

ಶ್ರವಣ ಸಾಧನ ಹಾಕುವ ಮಕ್ಕಳದು ಇನ್ನೊಂದು ವಿಷಯ. ಆ ಯಂತ್ರವನ್ನು ಮಾತು ಕೇಳಿಸಲಿ ಅಂತ ಹೊಂದಿಸಿರುತ್ತಾರೆ, ಸಂಗೀತ ಅದರಲ್ಲಿ ಕರಕರ ಅನ್ನಬಹುದು. ಮಗು ಸಂಗೀತ ಕಲಿಯುತ್ತದೆ ಅಂತ ಆಡಿಯಾಲಜಿಸ್ಟ್‌ಗೆ, ಅಂದರೆ ಕಿವಿ ಪರೀಕ್ಷಿಸಿ ಯಂತ್ರ ಹೊಂದಿಸುವ ತಜ್ಞರಿಗೆ, ಹೇಳಿದರೆ, ಅನೇಕ ಯಂತ್ರಗಳಲ್ಲಿ ಸಂಗೀತಕ್ಕೇ ಬೇರೆ ಹೊಂದಾಣಿಕೆ ಮಾಡಿಕೊಡುತ್ತಾರೆ. ಇಷ್ಟು ದಿನ ಎಲ್ಲೂ ತೋರಿಸಿಲ್ಲ ಅನ್ನುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

2. ವಾದ್ಯ: ದೊಡ್ಡದು ಬೇಡ, ಆಟಿಕೆಯೂ ಬೇಡ

ನಿಜವಾದ ಪಿಯಾನೊದಲ್ಲಿ 88 ಕೀ, 52 ಬಿಳಿ, 36 ಕಪ್ಪು. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ಈ ನಮ್ಮ ಮೂರು ಜಿಲ್ಲೆಗಳಲ್ಲಿ ಮರದ ಪಿಯಾನೊ ಸಿಗುವುದು ಅಪರೂಪ. ಚಿನ್ನದ ಗಣಿಯ ಕಾಲದಲ್ಲಿ ಬ್ರಿಟಿಷರೂ ಆಂಗ್ಲೋ ಇಂಡಿಯನ್ ಕುಟುಂಬಗಳೂ ತುಂಬಿದ್ದ ಕೆಜಿಎಫ್‌ ಕಡೆಯವರಿಗಾದರೆ ಪಿಯಾನೊ ಹೊಸ ಮಾತಲ್ಲ, ಉಳಿದವರು ಅದಕ್ಕೆ ಕಾಯುವ ಅಗತ್ಯವಿಲ್ಲ. 61 ಕೀಗಳ ಕೀಬೋರ್ಡ್ ಮೊದಲ ಎರಡು ಮೂರು ವರ್ಷಕ್ಕೆ ಧಾರಾಳ.

ಕೊಳ್ಳುವಾಗ ನೋಡಬೇಕಾದದ್ದು ಇಷ್ಟು. ಕೀಗಳು ಪೂರ್ತಿ ಅಗಲದವು ಇರಲಿ. ಮಿನಿ ಕೀ ಅಂತ ಸಣ್ಣವು ಬರುತ್ತವೆ, ಬೆರಳಿನ ಹಿಡಿತ ಕಡಿಮೆ ಇರುವ ಮಗುವಿಗೆ ಅವು ಶಿಕ್ಷೆ. ಟಚ್ ರೆಸ್ಪಾನ್ಸ್ ಇರಲಿ, ಅಂದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಬೇಕು. ಹೆಡ್‌ಫೋನ್ ತೂತು ಇರಲಿ. ಕೀ ಒತ್ತಲು ಎಷ್ಟು ಬಲ ಬೇಕು ಅನ್ನುವುದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಬೆಳವಣಿಗೆ, ಕಲಿಕೆ ನಿಧಾನವಾಗುವ ತೊಂದರೆ ಇರುವ, ಸ್ನಾಯು ಸಡಿಲ ಇರುವ ಮಕ್ಕಳಿಗೆ ಸಾಮಾನ್ಯ ಕೀಬೋರ್ಡಿನ ಹಗುರ ಕೀ ಒಳ್ಳೆಯದು. ಕೈ ನಡುಗುವ, ಬೇಡದ ಕಡೆಯೆಲ್ಲ ತಗಲುವ ಮಕ್ಕಳಿಗೆ ಉಲ್ಟಾ, ಡಿಜಿಟಲ್ ಪಿಯಾನೊದ ಭಾರದ ಕೀ ವಾಸಿ. ಯಾಕಂದರೆ ಸವರಿದ ಮಾತ್ರಕ್ಕೆ ಅದು ಸದ್ದು ಮಾಡುವುದಿಲ್ಲ. ಅದು ದುಬಾರಿ, ಹಾಗಾಗಿ ಮೊದಲು ಯಾರ ಹತ್ತಿರವಾದರೂ ಕೂತು ನುಡಿಸಿ ನೋಡಿ.

ಬೆಂಗಳೂರಿನ ಬಳೇಪೇಟೆಯಲ್ಲಿ ವಾದ್ಯದ ಅಂಗಡಿಗಳ ಸಾಲೇ ಇದೆ. ಮಗುವನ್ನು ಕರೆದುಕೊಂಡು ಹೋಗುವುದಾದರೆ ಭಾನುವಾರ ಬೇಡ. ವಾರದ ದಿನ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದ ಹಾಗೆ ಹೋಗಿ, ಅಂಗಡಿಯವರಿಗೂ ಪುರುಸೊತ್ತು ಇರುತ್ತದೆ. ಹಳೆಯದು ಕೊಳ್ಳುವುದಾದರೆ ಎಲ್ಲ 61 ಕೀಗಳನ್ನೂ ಒಂದೊಂದೇ ಒತ್ತಿ ನೋಡಿ, ಮಾರುವವರು ಎಷ್ಟೇ ಅವಸರ ಮಾಡಲಿ.

ಒಂದು ಸಣ್ಣ ವಿಷಯ, ಆದರೆ ಹಳ್ಳಿ ಕಡೆಯವರಿಗೆ ದೊಡ್ಡದು: ಕರೆಂಟು. ಪಾಠದ ನಡುವೆ ಕರೆಂಟು ಹೋಗಿ ವಾದ್ಯ ಒಮ್ಮೆಲೇ ಸತ್ತರೆ ಕೆಲವು ಮಕ್ಕಳು ಬೆಚ್ಚಿಬಿದ್ದು ವಾರಗಟ್ಟಲೆ ಅದರ ಹತ್ತಿರ ಬರುವುದಿಲ್ಲ. ಬಹಳಷ್ಟು ಕೀಬೋರ್ಡುಗಳಿಗೆ ಸೆಲ್ ಹಾಕುವ ಜಾಗ ಇರುತ್ತದೆ, ಹಾಕಿಟ್ಟುಬಿಡಿ.

ಒತ್ತಿದರೆ ಕೀಬೋರ್ಡ್ ತಾನೇ ಹಾಡು ನುಡಿಸುವ ಡೆಮೊ ಬಟನ್ ಮೇಲೆ ರಟ್ಟಿನ ತುಂಡು ಇಟ್ಟು ಟೇಪ್ ಅಂಟಿಸಿ. ಅದನ್ನು ಒಮ್ಮೆ ಕಂಡುಹಿಡಿದ ಮಗು ಆಮೇಲೆ ಇನ್ನೇನನ್ನೂ ಒತ್ತುವುದಿಲ್ಲ! ತಮಾಷೆಗೆ ಹೇಳುತ್ತಿಲ್ಲ.

ಕೂರುವುದು: ಪಾದ ನೆಲಕ್ಕೆ ತಾಗಬೇಕು, ಮೊಣಕೈ ಕೀಗಳ ಮಟ್ಟಕ್ಕೆ ಇರಬೇಕು. ಕಾಲು ನೇತಾಡುತ್ತಿದ್ದರೆ ಮಗುವಿನ ಅರ್ಧ ಗಮನ ಬೀಳದೆ ಇರುವುದಕ್ಕೇ ಹೋಗುತ್ತದೆ. ಎರಡು ಇಟ್ಟಿಗೆ, ಮೇಲೊಂದು ಹಲಗೆ, ಅಷ್ಟು ಸಾಕು. ಗಾಲಿಕುರ್ಚಿ ಇದ್ದರೆ ಕತ್ತರಿ ಸ್ಟ್ಯಾಂಡ್ ಬೇಡ, ಅದರ ಕಾಲು ಕುರ್ಚಿಗೆ ಅಡ್ಡ ಬರುತ್ತದೆ. ಕೆಳಗೆ ಖಾಲಿ ಇರುವ ಗಟ್ಟಿ ಟೇಬಲ್ ಮೇಲೆ ಇಡಿ.

ದುಡ್ಡಿಗೆ ಕಷ್ಟ ಇದ್ದರೆ ಹಾರ್ಮೋನಿಯಂ ಮರೆಯಬೇಡಿ. ಗುಬ್ಬಿ ವೀರಣ್ಣನವರ ಜಿಲ್ಲೆ ನಮ್ಮದು, ಪೌರಾಣಿಕ ನಾಟಕ ಆಡುವ ಯಾವ ಊರಿನಲ್ಲಾದರೂ ಒಂದು ಪೆಟ್ಟಿಗೆ ಇದ್ದೇ ಇರುತ್ತದೆ. ಕೀಗಳ ಜೋಡಣೆ ಪಿಯಾನೊದ್ದೇ. ತಿದಿ ಒತ್ತುವುದಕ್ಕೆ ಇನ್ನೊಂದು ಕೈ ಬೇಕು ಅನ್ನುವುದೊಂದೇ ತೊಡಕು. ಅಜ್ಜ ತಿದಿ ಒತ್ತಲಿ, ಮೊಮ್ಮಗಳು ನುಡಿಸಲಿ.

3. ಮೇಷ್ಟ್ರನ್ನು ಹುಡುಕುವುದು

ಎಲ್ಲಿ ಸಿಗುತ್ತಾರೆ? ಸಂಗೀತ ಶಾಲೆಗಳಲ್ಲಿ, ಚರ್ಚ್ ಗಾಯನ ತಂಡಗಳಲ್ಲಿ, ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳಲ್ಲಿ. ತಾಲ್ಲೂಕಿನ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ವಿಶೇಷ ಅಗತ್ಯದ ಮಕ್ಕಳಿಗೆಂದೇ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ. ಅವರಿಗೆ ಸುತ್ತಲಿನ ಇಂಥ ಕುಟುಂಬಗಳ ಪರಿಚಯ ಇರುತ್ತದೆ, ಯಾರ ಮಗು ಎಲ್ಲಿ ಕಲಿಯುತ್ತಿದೆ ಅಂತ ಅವರನ್ನು ಕೇಳಿ ನೋಡಿ.

"ಇಂಥ ಮಕ್ಕಳಿಗೆ ಕಲಿಸಿ ಅಭ್ಯಾಸ ಇದೆಯಾ?" ಅಂತಲೇ ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಅದು ಅಷ್ಟು ಮುಖ್ಯ ಅಲ್ಲ. ಇವನ್ನು ಕೇಳಿ: ನಾನು ಪಕ್ಕದಲ್ಲಿ ಕೂರಬಹುದಾ? 20 ನಿಮಿಷದ ಪಾಠ ಮಾಡುತ್ತೀರಾ? ಅವನು ಎದ್ದು ಓಡಾಡಿದರೆ ಏನು ಮಾಡುತ್ತೀರಿ? ಪುಸ್ತಕದ ಕ್ರಮ ಬಿಟ್ಟು ಅವನಿಗೆ ಬೇಕಾದ ಹಾಡಿನಿಂದ ಶುರು ಮಾಡುತ್ತೀರಾ? ಕೊನೆಯ ಎರಡಕ್ಕೆ ನಗುತ್ತಾ ಉತ್ತರ ಕೊಟ್ಟವರು ನಿಮಗೆ ಬೇಕಾದವರು. "ಎರಡು ಬಿಟ್ಟರೆ ಸರಿ ಹೋಗ್ತಾನೆ" ಅಂದವರ ಮನೆಯಿಂದ ಚಪ್ಪಲಿ ಹಾಕಿಕೊಂಡು ಹೊರಡಿ. "ಆರು ತಿಂಗಳಲ್ಲಿ ನಾರ್ಮಲ್ ಮಾಡ್ತೀನಿ" ಅಂದವರ ಮನೆಯಿಂದ ಇನ್ನೂ ಬೇಗ.

ಮೊದಲ ಕೆಲವು ತಿಂಗಳು ಒಬ್ಬರಿಗೇ ಪಾಠ ಇರಲಿ, ಗುಂಪು ಆಮೇಲೆ. ಪಾಠ ಎಷ್ಟನೇ ಮಹಡಿಯಲ್ಲಿ ಅಂತ ಮೊದಲೇ ವಿಚಾರಿಸಿ. ನಮ್ಮೂರುಗಳಲ್ಲಿ ಸಂಗೀತ ತರಗತಿ ಅಂದರೆ ಅಂಗಡಿ ಮೇಲಿನ ಮಹಡಿ, ಕಡಿದಾದ ಮೆಟ್ಟಿಲು. ಮಗುವನ್ನು ಪ್ರತಿ ವಾರ ಹೊತ್ತುಕೊಂಡು ಹತ್ತಿಸುವುದು ನಿಮ್ಮ ಸೊಂಟಕ್ಕೂ ಒಳ್ಳೆಯದಲ್ಲ, ಅವನ ಮರ್ಯಾದೆಗೂ ಒಳ್ಳೆಯದಲ್ಲ. ಪಾಠದ ಕೋಣೆ ಯಾವಾಗಲೂ ನಿಮ್ಮ ಕಣ್ಣಿಗೆ ಕಾಣುವಂತಿರಲಿ, ಇದರಲ್ಲಿ ಮಾತ್ರ ಯಾವ ದಾಕ್ಷಿಣ್ಯವೂ ಬೇಡ.

4. ಮೊದಲ ತಿಂಗಳು: ಕರಿ ಮನೆಗಳು ಮಾತ್ರ

ಹಾರ್ಮೋನಿಯಂನವರು ಕೀಗೆ ಮನೆ ಅನ್ನುತ್ತಾರೆ, ಕರಿ ಮನೆ, ಬಿಳಿ ಮನೆ. ನನಗೆ ಆ ಮಾತು ಇಷ್ಟ. ಮಕ್ಕಳಿಗೂ ಬೇಗ ಹಿಡಿಸುತ್ತದೆ.

ಕೀಬೋರ್ಡ್ ನೋಡಿ. ಕರಿ ಮನೆಗಳು ಎರಡು, ಮೂರು, ಎರಡು, ಮೂರು ಅಂತ ಗುಂಪು ಗುಂಪಾಗಿ ಎದ್ದು ನಿಂತಿವೆ. ಕಣ್ಣು ಕಾಣದವರಿಗೂ ಕೈಗೆ ಸಿಗುತ್ತವೆ. ಮೊದಲ ಪಾಠ ಇಷ್ಟೇ: ಎರಡರ ಗುಂಪು ಎಲ್ಲೆಲ್ಲಿದೆ, ಮೂರರ ಗುಂಪು ಎಲ್ಲೆಲ್ಲಿದೆ, ಎಡದಿಂದ ಬಲಕ್ಕೆ ಹುಡುಕಿ ಒತ್ತುವುದು. ಎಡಕ್ಕೆ ಹೋದಂತೆ ದಪ್ಪ ದನಿ, ಬಲಕ್ಕೆ ಹೋದಂತೆ ತೆಳು ದನಿ.

ಯಾಕೆ ಕರಿ ಮನೆ ಅಂದರೆ, ಅವು ಒಟ್ಟು ಐದೇ ಸ್ವರ, ಆ ಐದರಲ್ಲಿ ಯಾವುದನ್ನು ಯಾವಾಗ ಒತ್ತಿದರೂ ಕೇಳಲು ಹಿತವಾಗಿರುತ್ತದೆ. ತಪ್ಪು ಸ್ವರ ಅನ್ನುವುದೇ ಇಲ್ಲ. ಇದರ ಜೊತೆಗೆ ನಮ್ಮ ಸಂಗೀತದವರಿಗೆ ಒಂದು ಬೋನಸ್ಸು ಇದೆ. ಮೂರರ ಗುಂಪಿನ ಮೊದಲನೇ ಕರಿ ಮನೆಯನ್ನು ಷಡ್ಜ ಅಂದುಕೊಂಡು, ಅಂದರೆ 'ಸ' ಅಂದುಕೊಂಡು, ಕರಿ ಮನೆಗಳಲ್ಲೇ ಮೇಲೆ ಹೋದರೆ ಅದು ಮೋಹನ ರಾಗ. ಅದೇ ಗುಂಪಿನ ಎರಡನೆಯದನ್ನು 'ಸ' ಮಾಡಿದರೆ ಮಧ್ಯಮಾವತಿ, ಮೂರನೆಯದನ್ನು ಮಾಡಿದರೆ ಹಿಂದೋಳ. ಎರಡರ ಗುಂಪಿನ ಮೊದಲನೆಯದು 'ಸ' ಆದರೆ ಶುದ್ಧ ಸಾವೇರಿ, ಎರಡನೆಯದು ಆದರೆ ಶುದ್ಧ ಧನ್ಯಾಸಿ. ಐದು ಮನೆ, ಐದು ರಾಗ!

ಸಂಗೀತ ಬಾರದ ಅಪ್ಪ ಅಮ್ಮ ಕೂಡ ಇದನ್ನು ಆಡಿಸಬಹುದು. ನೀವು ಎಡಗಡೆ ಕೂತು, ದಪ್ಪ ದನಿಯ ಕಡೆ ಮೂರರ ಗುಂಪಿನ ಮೊದಲನೇ ಮನೆಯನ್ನು ನಿಧಾನವಾಗಿ ಒತ್ತುತ್ತಾ ಇರಿ, ತಂಬೂರಿಯ ಹಾಗೆ. ಮಗು ಬಲಗಡೆ ಯಾವ ಕರಿ ಮನೆಯನ್ನಾದರೂ ಒತ್ತಲಿ. ಸ್ವಲ್ಪ ಹೊತ್ತಿನ ಮೇಲೆ ನೀವು ಪಕ್ಕದ ಕರಿ ಮನೆಗೆ ಸರಿಯಿರಿ. ಮಗು ಅದೇ ನುಡಿಸುತ್ತಿದ್ದರೂ ಇಡೀ ಹಾಡಿನ ಬಣ್ಣ ಬದಲಾಗುತ್ತದೆ. ಕೆಲವು ಮಕ್ಕಳು ಆ ಕ್ಷಣ ತಲೆ ಎತ್ತಿ ನೋಡುತ್ತಾರೆ. ನೋಡಿದರೆ, ಮುಂದಿನ ಸಲ ಯಾವಾಗ ಬದಲಾಯಿಸಬೇಕು ಅನ್ನುವುದನ್ನು ಅವರೇ ಸನ್ನೆ ಮಾಡಲಿ.

ಆಮೇಲೆ ಕೇಳುವ ಹೇಳುವ ಆಟ. ನೀವು ಎರಡು ಸ್ವರ ಒತ್ತಿ, ಸುಮ್ಮನಾಗಿ. ಮಗು ತನಗೆ ತೋಚಿದ್ದು ಒತ್ತಲಿ. ಇಲ್ಲಿ ದೊಡ್ಡವರು ಮಾಡುವ ತಪ್ಪು ಒಂದೇ: ಕಾಯುವುದಿಲ್ಲ. ಮೂರು ಸೆಕೆಂಡಿಗೆ "ಒತ್ತು ಪುಟ್ಟಾ, ಒತ್ತು, ಇಲ್ಲಿ, ಇಲ್ಲಿ" ಶುರು. ಮನಸ್ಸಿನಲ್ಲೇ ಹತ್ತು ಎಣಿಸಿ. ಬೇಕಾದರೆ ಇಪ್ಪತ್ತು. ಕೆಲವು ಮಕ್ಕಳಿಗೆ ಕೇಳಿದ್ದು ಕೈಗೆ ಬರೋದಕ್ಕೆ ಅಷ್ಟು ಹೊತ್ತು ಬೇಕೇ ಬೇಕು, ನಡುವೆ ನೀವು ಮಾತಾಡಿದರೆ ಅವರು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಇನ್ನು ಕೈ ಹಿಡಿದು ಒತ್ತಿಸುವುದು. ನಾನೇ ಮಾಡಿದ ತಪ್ಪು ಇದು. ಕಲಿಸಲು ಶುರು ಮಾಡಿದ ಹೊಸದರಲ್ಲಿ ಒಬ್ಬ ಹುಡುಗನ ಬೆರಳು ಹಿಡಿದು ಒಂದು ಇಡೀ ಹಾಡು ನುಡಿಸಿಬಿಟ್ಟೆ, ಅವರಮ್ಮ ಕಣ್ಣೀರು ಹಾಕಿಕೊಂಡು ವಿಡಿಯೋ ಮಾಡಿದರು. ಮುಂದಿನ ವಾರ ಹುಡುಗ ಕೋಣೆಯೊಳಗೆ ಕಾಲಿಡಲಿಲ್ಲ. ನುಡಿಸಿದವಳು ನಾನು, ಅದು ಅವನಿಗೆ ಗೊತ್ತಿತ್ತು. ಈಗ ನಾನು ಪಕ್ಕದ ಸ್ಥಾಯಿಯಲ್ಲಿ, ಅಂದರೆ ಅವೇ ಮನೆಗಳು ಮತ್ತೆ ಬರುವ ಪಕ್ಕದ ಭಾಗದಲ್ಲಿ, ನನ್ನ ಕೈಯಿಂದ ನುಡಿಸಿ ತೋರಿಸುತ್ತೇನೆ. ಕೈಗೆ ಆಧಾರ ಬೇಕೇ ಬೇಕು ಅನ್ನುವ ಮಗುವಾದರೆ ಕೇಳಿ, ಒಪ್ಪಿದರೆ ಮಣಿಕಟ್ಟಿನ ಕೆಳಗೆ ನನ್ನ ಕೈ ಇಡುತ್ತೇನೆ, ಬೆರಳು ಮಾತ್ರ ಅವರದೇ.

5. ಮಗುವಿಗೆ ತಕ್ಕಂತೆ ಪಾಠ ಬದಲಿಸುವುದು

ಒಂದೇ ಹೆಸರಿನ ತೊಂದರೆ ಇರುವ ಇಬ್ಬರು ಮಕ್ಕಳೂ ಒಂದೇ ಥರ ಇರುವುದಿಲ್ಲ, ಹಾಗಾಗಿ ಇದನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ಆಟಿಸಂ ಇರುವ ಮಕ್ಕಳಿಗೆ ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ, ಅವರೇ ಏರಿಸಲಿ. ಪಾಠದ ಕ್ರಮ ಪ್ರತಿ ಸಲ ಒಂದೇ ಇರಲಿ. ನಾಲ್ಕು ಚಿತ್ರ ಬಿಡಿಸಿ ಸಾಲಾಗಿ ಅಂಟಿಸಿ: ನಮಸ್ಕಾರ, ಕರಿ ಮನೆ ಆಟ, ನಿನ್ನ ಹಾಡು, ಮುಗೀತು. ಒಂದೊಂದು ಮುಗಿದಾಗ ಚಿತ್ರ ತೆಗೆಯಿರಿ. ಕೆಲವರು ಒಂದು ಸಲ ಕೇಳಿದ್ದನ್ನು ಹಾಗೇ ನುಡಿಸಿಬಿಡುತ್ತಾರೆ. ಆಗ ಮನೆಯವರು "ಇವನು ಜೀನಿಯಸ್" ಅಂತ ಹೊತ್ತು ಮೆರೆಸುವುದುಂಟು. ಇರಬಹುದು, ಆದರೆ ಆ ಭಾರ ಮಗುವಿನ ಹೆಗಲಿಗೆ ಬೇಡ. ಎಲ್ಲ ಆಟಿಸಂ ಮಕ್ಕಳೂ ಹಾಗಿರುತ್ತಾರೆ ಅಂತಲೂ ಕಾಯಬೇಡಿ.

ದೃಷ್ಟಿ ಇಲ್ಲದ ಮಕ್ಕಳಿಗೆ ಕರಿ ಮನೆಗಳ ಗುಂಪೇ ನಕ್ಷೆ. ಪ್ರತಿ ಕೀಗೂ ಸ್ಟಿಕ್ಕರ್ ಅಂಟಿಸಿದರೆ ಉಲ್ಟಾ ಗೊಂದಲ, ನಡುವಿನ 'ಸಿ' ಒಂದಕ್ಕೆ ಸಣ್ಣ ಗುರುತು ಸಾಕು. 'ಸಿ' ಅಂದರೆ ಎರಡರ ಗುಂಪಿನ ಎಡಕ್ಕೆ ಅಂಟಿಕೊಂಡಿರುವ ಬಿಳಿ ಮನೆ. ಮೇಷ್ಟ್ರು ಬಲಗೈ ಬೇರೆ, ಎಡಗೈ ಬೇರೆ, ನಿಧಾನವಾಗಿ ನುಡಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಮನೆಯಲ್ಲಿ ಕೇಳಿ ಕಲಿಯಬಹುದು. ಮುಂದೆ ಓದಿ ನುಡಿಸಬೇಕು ಅಂದರೆ ಬ್ರೈಲ್‌ನಲ್ಲೇ ಸಂಗೀತದ ಲಿಪಿ ಇದೆ, ಅದೇ ಆರು ಚುಕ್ಕೆ. ಲೂಯಿ ಬ್ರೈಲ್ ಸ್ವತಃ ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದವರು. ಮಂದದೃಷ್ಟಿ ಇದ್ದರೆ ಟ್ಯೂಬ್‌ಲೈಟಿನ ಬೆಳಕು ಬಿಳಿ ಕೀ ಮೇಲೆ ಹೊಳೆಯದಂತೆ ಜಾಗ ಬದಲಿಸಿ.

ಕಿವಿ ಕೇಳಿಸುವುದು ಕಡಿಮೆ ಇರುವ ಮಕ್ಕಳಿಗೆ ಪಿಯಾನೊ ಯಾಕೆ ಅಂತ ಕೇಳುವವರಿದ್ದಾರೆ. ಸದ್ದು ಕಿವಿಗೆ ಮಾತ್ರ ಅಲ್ಲ, ಮೈಗೂ ಗೊತ್ತಾಗುತ್ತದೆ. ಕೀಬೋರ್ಡನ್ನು ಮರದ ಟೇಬಲ್ ಮೇಲೆ ಇಟ್ಟು, ಮಗುವಿನ ಒಂದು ಅಂಗೈ ಟೇಬಲ್ ಮೇಲೆ ಇರಿಸಿ ದಪ್ಪ ದನಿಯ ಕೀ ಒತ್ತಿ ನೋಡಿ. ಪಾಠ ತಾಳದಿಂದ ಶುರುವಾಗಲಿ. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಕೂರಿಸಿದ ಶ್ರವಣ ಯಂತ್ರ ಇರುವವರಿಗೆ ಸಾಮಾನ್ಯವಾಗಿ ಲಯ ಚೆನ್ನಾಗಿ ಸಿಗುತ್ತದೆ, ಅಕ್ಕಪಕ್ಕದ ಸ್ವರಗಳ ವ್ಯತ್ಯಾಸ ಕಷ್ಟ. ಅದಕ್ಕೆ ಮೊದಲು ದೂರ ದೂರದ ಸ್ವರಗಳಲ್ಲಿ ಆಟ ಆಡಿಸಿ.

ಸೆರೆಬ್ರಲ್ ಪಾಲ್ಸಿ ಅಂದರೆ ಮಿದುಳಿಗೆ ಆದ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವುದು. ಎಷ್ಟೋ ಮಕ್ಕಳ ಬೆರಳು ಬಿಗಿಯಾಗಿರುತ್ತವೆ, ಗಾಬರಿಯಾದರೆ ಇನ್ನೂ ಬಿಗಿ. ಬೆರಳೇ ಬೇಕು ಅಂತ ಹಟ ಬೇಡ. ಗೆಣ್ಣಿನಿಂದ ಒತ್ತಲಿ, ಮುಷ್ಟಿಯಿಂದ ಒತ್ತಲಿ, ಕರಿ ಮನೆಗಳ ಮೇಲೆ ಮುಷ್ಟಿ ಇಟ್ಟರೂ ಅದು ರಾಗದಲ್ಲೇ ಇರುತ್ತದೆ. ಸಸ್ಟೇನ್ ಹಾಕಿ, ಅಂದರೆ ಕೈ ಎತ್ತಿದ ಮೇಲೂ ಸ್ವರ ಸ್ವಲ್ಪ ಹೊತ್ತು ಉಳಿಯುವ ಹಾಗೆ. ಕಾಲಿನಿಂದ ಪೆಡಲ್ ಒತ್ತಲು ಆಗದಿದ್ದರೆ ಅನೇಕ ಕೀಬೋರ್ಡುಗಳಲ್ಲಿ ಅದಕ್ಕೆ ಬಟನ್ ಇರುತ್ತದೆ. ನಿಧಾನವಾಗಿ ಚಲಿಸುವ ಕೈಯೂ ಆಗ ಸ್ವರಗಳನ್ನು ಕಡಿಯದೆ ಜೋಡಿಸಬಹುದು.

ಒಂದೇ ಕೈ ಆಡುತ್ತದೆ ಅನ್ನುವವರಿಗೆ: ಒಂದು ಕೈಯ ಪಿಯಾನೊ ಅನ್ನುವುದು ನಾವು ಸಮಾಧಾನಕ್ಕೆ ಹುಟ್ಟುಹಾಕಿದ್ದಲ್ಲ. ಆಸ್ಟ್ರಿಯಾದ ಪಾಲ್ ವಿಟ್‌ಗೆನ್‌ಸ್ಟೈನ್ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಮೇಲೆ, ಫ್ರಾನ್ಸಿನ ರಾವೆಲ್ ಅವರಂಥ ದೊಡ್ಡ ಸಂಗೀತಗಾರರು ಅವರ ಎಡಗೈಗೆಂದೇ ಸಂಗೀತ ಬರೆದುಕೊಟ್ಟರು. ಹುಟ್ಟಿನಿಂದಲೇ ಬಲಗೈ ಇಲ್ಲದ ನಿಕೊಲಸ್ ಮೆಕಾರ್ಥಿ 2012ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಿಂದ ಪದವಿ ಪಡೆದರು. ಹಾಗಾಗಿ "ಎರಡು ಕೈ ಇಲ್ಲದೆ ಆಗಲ್ಲ" ಅನ್ನುವ ಮೇಷ್ಟ್ರು ಸಿಕ್ಕರೆ ಬೇರೆಯವರನ್ನು ಹುಡುಕಿ.

ಡೌನ್ ಸಿಂಡ್ರೋಮ್ ಇರುವ ಮಕ್ಕಳು ಸಾಮಾನ್ಯವಾಗಿ ಕೇಳಿದ್ದಕ್ಕಿಂತ ನೋಡಿದ್ದನ್ನು ಚೆನ್ನಾಗಿ ಹಿಡಿಯುತ್ತಾರೆ. ಬಾಯಲ್ಲಿ ಉದ್ದಕ್ಕೆ ವಿವರಿಸಬೇಡಿ. ಬಣ್ಣದ ಚುಕ್ಕೆ, ತೋರಿಸುವುದು, ಒಂದು ಸಲಕ್ಕೆ ಒಂದೇ ಮಾತು. ಅವರಲ್ಲಿ ಕಿವಿಯ ತೊಂದರೆ ಜಾಸ್ತಿ, ಅದನ್ನೂ ಒಮ್ಮೆ ತೋರಿಸಿಬಿಡಿ.

6. ಬಿಳಿ ಮನೆಗೆ ಬರುವುದು

ಅವಸರ ಇಲ್ಲ. ಕರಿ ಮನೆಯಲ್ಲಿ ತಾನಾಗೇ ಒಂದು ಸಣ್ಣ ಹಾಡು ಕಟ್ಟುವಷ್ಟಾದ ಮೇಲೆ ಬನ್ನಿ. ಕರ್ನಾಟಕ ಸಂಗೀತದ ಮೇಷ್ಟ್ರಾದರೆ ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ, ಅಂದರೆ ಸ ರಿ ಗ ಮ ಕಲಿಸುವ ಮೊದಲ ಪಾಠದಿಂದ, ಶುರು ಮಾಡೋಣ ಅನ್ನುತ್ತಾರೆ, ಹಾಡುವವರಿಗೆ ಅದೇ ಸರಿ. ಆದರೆ ಕೀಬೋರ್ಡಿನಲ್ಲಿ ಆ ರಾಗಕ್ಕೆ ಕರಿ ಬಿಳಿ ನಡುವೆ ಬೆರಳು ಹಾರಬೇಕು, ಬೆರಳಿನ ತೊಂದರೆ ಇರುವ ಮಗುವಿಗೆ ಮೊದಲ ಪಾಠವೇ ಬೆಟ್ಟ ಆಗುತ್ತದೆ. 'ಸಿ'ಯಿಂದ ಬರೀ ಬಿಳಿ ಮನೆಗಳಲ್ಲಿ ಹೋದರೆ ಶಂಕರಾಭರಣ ರಾಗ, ಅದರಿಂದ ಶುರು ಮಾಡಿ ಅಂತ ಕೇಳಿಕೊಳ್ಳಿ. ಮಗುವಿಗೆ ಇಷ್ಟದ ಹಾಡನ್ನು ಐದು ಸ್ವರಕ್ಕೆ ಇಳಿಸಿಕೊಡಲಿ. ಸಿನಿಮಾ ಹಾಡೋ, ಸೋಬಾನೆಯೋ, ಜಾಹೀರಾತಿನ ರಾಗವೋ, ಏನಾದರೂ ಸರಿ. ಮೇಷ್ಟ್ರ ರುಚಿ ಇಲ್ಲಿ ಲೆಕ್ಕಕ್ಕಿಲ್ಲ.

7. ಮನೆಯಲ್ಲಿ ಅಭ್ಯಾಸ

ದಿನಕ್ಕೆ ಎರಡು ಸಲ, ಐದೈದು ನಿಮಿಷ. ಪ್ರತಿ ದಿನ ಒಂದೇ ಕೆಲಸದ ನಂತರ, ಸಂಜೆ ತಿಂಡಿ ಆದ ಮೇಲೆ ಅಂತಿಟ್ಟುಕೊಳ್ಳಿ. ಬೇಜಾರಾಗುವ ಮೊದಲೇ ನಿಲ್ಲಿಸಿ, "ಇನ್ನೂ ಸ್ವಲ್ಪ" ಅನ್ನುವಾಗ ನಿಲ್ಲಿಸಿದರೆ ನಾಳೆ ತಾನಾಗೇ ಬಂದು ಕೂರುತ್ತದೆ.

ಇಲ್ಲಿ ಬರುವ ದೊಡ್ಡ ಶತ್ರು ಯಾರು ಗೊತ್ತಾ? ನೆಂಟರು. "ಪುಟ್ಟಾ, ಮಾವನಿಗೆ ಒಂದು ನುಡಿಸಿ ತೋರಿಸು." ಮಗು ನುಡಿಸುವುದಿಲ್ಲ. "ನಿನ್ನೆ ಎಷ್ಟು ಚೆನ್ನಾಗಿ ನುಡಿಸ್ದ ಗೊತ್ತಾ, ಈಗ ನೋಡಿ." ಮೂರು ತಿಂಗಳ ಕೆಲಸ ಮೂರು ನಿಮಿಷದಲ್ಲಿ ಹೋಯಿತು. ನೆಂಟರಿಗೆ ಕಾಫಿ ಕೊಡಿ, ಮಗುವನ್ನು ಬಿಡಿ. ಅವನಿಗೇ ಮನಸ್ಸಾಗಿ ನುಡಿಸಿದರೆ ಬೇರೆ ಮಾತು.

ಹೊಗಳುವುದರಲ್ಲೂ ಒಂದು ಲೆಕ್ಕ ಇದೆ. ಒತ್ತಿದ್ದಕ್ಕೆಲ್ಲ "ಸೂಪರ್, ಸೂಪರ್" ಅಂದರೆ ಮಗುವಿಗೆ ಅದು ಫ್ಯಾನಿನ ಸದ್ದಿನ ಹಾಗೆ ಆಗುತ್ತದೆ. ಕಂಡದ್ದನ್ನು ಹೇಳಿ: "ನಡುವೆ ಮರೆತುಹೋಯ್ತು, ನೀನೇ ಹುಡುಕಿ ಮತ್ತೆ ಶುರು ಮಾಡ್ದೆ." ಮಾತು ಅರ್ಥವಾಗದ ಮಗುವಾದರೆ ಅದು ನುಡಿಸಿದ್ದನ್ನು ನೀವು ತಿರುಗಿ ನುಡಿಸಿ. ಅಣ್ಣನಿಗೋ ಅಕ್ಕನಿಗೋ ಹೋಲಿಸಬೇಡಿ. ಅವರೂ ಕಲಿಯುತ್ತಿದ್ದರೆ ಬೇರೆ ವೇಳೆಗೆ ಹಾಕಿ.

8. ಏನು ಬದಲಾಗಿದೆ ಅಂತ ನೋಡುವುದು

ಒಂದು ನೋಟ್‌ಬುಕ್ ಇಡಿ, ವಾರಕ್ಕೆ ಎರಡು ಸಾಲು. ಎಷ್ಟು ಹಾಡು ಬಂತು ಅಂತ ಬರೆಯಬೇಡಿ. ತಾನಾಗೇ ಹೋಗಿ ಕೂತನಾ? ತಪ್ಪಿದಾಗ ಅಳದೆ ಮತ್ತೆ ಶುರು ಮಾಡಿದನಾ? ಇದು ಬೇಡ, ಅದು ಬೇಕು ಅಂತ ತೋರಿಸಿದನಾ? ತಂಗಿಗೆ ಹೇಳಿಕೊಡಲು ಹೋದನಾ? "ಬೇಡ" ಅನ್ನಲು ಕಲಿತದ್ದೂ ಧೈರ್ಯವೇ, ಮನೆಯವರಿಗೆ ಅದು ಹಟದ ಹಾಗೆ ಕಾಣುತ್ತದೆ ಅಷ್ಟೇ.

ಮೂರು ತಿಂಗಳಾದರೂ ಪಾಠದ ದಿನ ಬಂದರೆ ಹೊಟ್ಟೆನೋವು, ಅಳು, ಉಗುರು ಕಚ್ಚುವುದು ಇದ್ದರೆ ಮೊದಲು ಮೇಷ್ಟ್ರ ಜೊತೆ ಮಾತಾಡಿ, ಹೊತ್ತು ಬದಲಿಸಿ, ಪಾಠ ಚಿಕ್ಕದು ಮಾಡಿ. ಆಗಲೂ ಸರಿಹೋಗದಿದ್ದರೆ ಬಿಡಿಸಿ. ತಮಟೆ ಇದೆ, ಡೊಳ್ಳಿದೆ, ಚಿತ್ರ ಬಿಡಿಸುವುದಿದೆ, ಗಿಡ ನೆಡುವುದಿದೆ. ಪಿಯಾನೊ ಎಲ್ಲರಿಗೂ ಒಗ್ಗಲೇಬೇಕು ಅಂತ ಎಲ್ಲೂ ಬರೆದಿಲ್ಲ.

9. ಬೇರೆಯವರ ಮುಂದೆ ನುಡಿಸುವುದು, ಪರೀಕ್ಷೆ

ಮೊದಲು ಒಬ್ಬರ ಮುಂದೆ, ಅಜ್ಜಿಯ ಮುಂದೆ. ಆಮೇಲೆ ಪಕ್ಕದ ಮನೆಯವರು ಮೂವರು. ಆಮೇಲೆ ಹತ್ತು ಜನ. ಕಲಾಕ್ಷೇತ್ರದಂಥ ದೊಡ್ಡ ವೇದಿಕೆಯ ಮಾತು ಅದಾದ ಮೇಲೆ, 30 ಸೆಕೆಂಡಿನ ಹಾಡಾದರೂ ಪರವಾಗಿಲ್ಲ. ಹಿಂದಿನ ದಿನ ಖಾಲಿ ಸಭಾಂಗಣಕ್ಕೆ ಕರೆದುಕೊಂಡು ಹೋಗಿ ಕೂರಿಸಿ, ಅದೇ ಕುರ್ಚಿ, ಅದೇ ಕಾಲುಹಲಗೆ ತೆಗೆದುಕೊಂಡು ಹೋಗಿ. ವೇದಿಕೆಗೆ ಮೆಟ್ಟಿಲು ಮಾತ್ರ ಇದ್ದರೆ ಕೆಳಗೇ ನುಡಿಸುವ ಏರ್ಪಾಡು ಮಾಡಿಸಿ. ಚಪ್ಪಾಳೆ ಸದ್ದಿಗೆ ಹೆದರುವ ಮಗುವಾದರೆ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿ ಅಂತ ಸಭಿಕರಿಗೆ ಮೊದಲೇ ಹೇಳಿಸಿ. ಕಿವುಡರು ಚಪ್ಪಾಳೆ ಹೊಡೆಯುವುದೇ ಹಾಗೆ.

ನಿರೂಪಕರಿಗೆ ಒಂದು ಚೀಟಿ ಬರೆದು ಕೊಡಿ: ಮಗುವಿನ ಹೆಸರು, ಹಾಡಿನ ಹೆಸರು. ಅಷ್ಟೇ ಓದಬೇಕು. "ಅಂಗವೈಕಲ್ಯವಿದ್ದರೂ ಛಲ ಬಿಡದ" ಅಂತ ಶುರು ಮಾಡುವ ನಿರೂಪಕರು ನಮ್ಮಲ್ಲಿ ಜಾಸ್ತಿ. ಹಾಗಂದ ಮೇಲೆ ಜನ ಅಯ್ಯೋ ಪಾಪ ಅನ್ನುತ್ತಾರೆ, ಹಾಡು ಕೇಳುವುದಿಲ್ಲ.

ಶಾಲೆಯ ವಾರ್ಷಿಕೋತ್ಸವದಲ್ಲಿ ನಿಮ್ಮ ಮಗುವನ್ನು ಬಿಟ್ಟುಬಿಟ್ಟರೆ ಕೇಳುವ ಹಕ್ಕು ನಿಮಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಗುರುತಿಸುತ್ತದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಆಟ, ಮನರಂಜನೆಯಲ್ಲೂ ಉಳಿದ ಮಕ್ಕಳಷ್ಟೇ ಅವಕಾಶ ಕೊಡಬೇಕು ಅಂತ ಅದರ 16ನೇ ಕಲಂ ಹೇಳುತ್ತದೆ. ಜಗಳಕ್ಕೆ ಹೋಗಬೇಡಿ, ಹೆಡ್ಮಾಸ್ಟರ್ ಹತ್ತಿರ ಕೂತು ಮೆಲ್ಲಗೆ ಓದಿ ಹೇಳಿ.

ಗ್ರೇಡ್ ಪರೀಕ್ಷೆ, ಅಂದರೆ ಹಂತ ಹಂತದ ಸಂಗೀತ ಪರೀಕ್ಷೆ, ಕಟ್ಟಿಸಬೇಕಾ ಅಂತ ಕೇಳುತ್ತಾರೆ. ಮಗು ಕೇಳಿದರೆ ಕಟ್ಟಿಸಿ, ನಿಮಗೆ ಸರ್ಟಿಫಿಕೇಟ್ ಬೇಕು ಅಂತ ಬೇಡ. ಲಂಡನ್ನಿನ ಟ್ರಿನಿಟಿ, ಎಬಿಆರ್‌ಎಸ್‌ಎಂ ಎರಡೂ ಸಂಸ್ಥೆಗಳ ಪರೀಕ್ಷೆಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಹೆಚ್ಚು ಸಮಯ, ದೊಡ್ಡಕ್ಷರದ ಅಥವಾ ಬ್ರೈಲ್ ಲಿಪಿಯಂಥ ಅನುಕೂಲ ಕೇಳಬಹುದು. ಅರ್ಜಿ ಹಾಕುವಾಗಲೇ ವೈದ್ಯರ ಪತ್ರದ ಜೊತೆ ಕೇಳಬೇಕು, ಪರೀಕ್ಷೆಯ ದಿನ ಹೇಳಿದರೆ ಆಗುವುದಿಲ್ಲ. ಹೊಸ ಜಾಗ, ಹೊಸ ಮುಖ ಅಂದರೆ ಆಗದ ಮಕ್ಕಳಿಗೆ ಮನೆಯಲ್ಲೇ ವಿಡಿಯೋ ಮಾಡಿ ಕಳಿಸುವ ಪರೀಕ್ಷೆಯೂ ಇದೆ.

ಕಾರ್ಯಕ್ರಮವೋ ಪರೀಕ್ಷೆಯೋ ಮುಗಿದ ಮಾರನೇ ದಿನ ಹೊಸ ಪಾಠ ಬೇಡ. ಅದೇ ಹೊತ್ತಿಗೆ ಕೀಬೋರ್ಡ್ ಆನ್ ಮಾಡಿ, ನೀವು ಎಡಗಡೆ ಕೂತು ಮೂರರ ಗುಂಪಿನ ಮೊದಲನೇ ಕರಿ ಮನೆ ಒತ್ತುತ್ತಾ ಇರಿ.